ನೈಲ್ ದಂಡೆಯ ಗುಡಿಗಳಲ್ಲಿ ಅತ್ತಿಗೆಯ ಬರಿಗಾಲು

ನೈಲ್ ನದಿಗೆ ಹೋಗಿಬರುತ್ತೇನೆ ಎಂದಾಗ ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತಲಿಲ್ಲ. "ಹೊಳೆ ನೋಡಾಕೆ ಅಷ್ಟು ದೂರ ಹೋಗ್ಬೇಕಾ? ಇಲ್ಲೇ ಐತಲ್ಲ," ಎಂದರು. ಹೊನ್ನಾಳಿಯಲ್ಲಿ ಮೂವತ್ತೈದು ವರ್ಷ ಸಂಸಾರ ಮಾಡಿದವಳಿಗೆ ತುಂಗಭದ್ರೆ ಎಲ್ಲಿದೆ ಎಂದು ಅವರು ಹೇಳಿಕೊಡಬೇಕಾಗಿರಲಿಲ್ಲ. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಹಾಗಾದರೆ ಆ ಹೊಳೆಯ ಮೇಲೆ ನಾಲ್ಕು ದಿನ ಮಲಗಲು ಹಾಸಿಗೆ ಹಾಕಿಕೊಡಿ, ಇಲ್ಲೇ ಇರುತ್ತೇನೆ ಎಂದೆ. ಅವರು ಪುಟ ತಿರುವಿದರು. ನಮ್ಮ ಮನೆಯಲ್ಲಿ ಒಪ್ಪಿಗೆ ಎಂದರೆ ಅದೇ.

ಈ ಪ್ರವಾಸ ನನ್ನ ತಲೆಯಲ್ಲಿ ಹುಟ್ಟಿದ್ದೇನೂ ಅಲ್ಲ. ಚನ್ನಗಿರಿಯ ಕೆಲವು ಅಡಿಕೆ ವ್ಯಾಪಾರಿಗಳ ಕುಟುಂಬಗಳು ಸೇರಿ ಪ್ರತಿ ವರ್ಷ ಶಿವರಾತ್ರಿ ಕಳೆದ ಮೇಲೆ, ಕೊಯ್ಲು ಸಂಸ್ಕರಣೆ ಎಲ್ಲ ಮುಗಿದು ಕೈ ಬಿಡುವಾದ ಹೊತ್ತಿಗೆ, ಎಲ್ಲಿಗಾದರೂ ಹೊರಡುತ್ತಾರೆ. ಕಾಶಿ ಆಗಿತ್ತು, ಕೇದಾರ ಆಗಿತ್ತು, ನೇಪಾಳವೂ ಆಗಿತ್ತು. ಆ ಸಲ ಈಜಿಪ್ಟ್. ಹಡಗಿನಲ್ಲೇ ಉಂಡು, ಹಡಗಿನಲ್ಲೇ ಮಲಗಿ, ದಂಡೆಯಲ್ಲಿ ಸಿಗುವ ಹಳೇ ಗುಡಿಗಳನ್ನು ಇಳಿದಿಳಿದು ನೋಡುತ್ತಾ ನಾಲ್ಕು ದಿನ ನೀರಿನ ಮೇಲೆ ಹೋಗುವುದು. ಗುಂಪಿನಲ್ಲಿದ್ದ ಒಂದು ಜೋಡಿ ಅದೇ ತಿಂಗಳು ಮಗಳ ಹೆರಿಗೆ ಎಂದು ಮೊದಲೇ ಹಿಂದೆ ಸರಿದಿತ್ತು. ಗುಂಪಿನ ಮುಂದಾಳು ಮಂಡಿ ಸಾಹುಕಾರರು, ನಮ್ಮ ಮನೆಯವರ ಕಡೆಯಿಂದ ದೂರದ ನೆಂಟರು. ಎರಡು ಸೀಟು ಖಾಲಿ ಇವೆ, ರಿಟೈರಾಗಿ ಮನೆಯಲ್ಲಿ ಕೂತು ಏನು ಮಾಡುತ್ತೀರಿ ಟೀಚರ್, ಬನ್ನಿ ಎಂದು ಫೋನು ಮಾಡಿದರು. ನ್ಯಾಮತಿ ಶಾಲೆಯಲ್ಲಿ ಪಾಠ ಹೇಳಿದ ಅಷ್ಟೂ ವರ್ಷ ಮಕ್ಕಳಿಗೆ ಈಜಿಪ್ಟಿನ ನಾಗರಿಕತೆ ಬಾಯಿಪಾಠ ಮಾಡಿಸಿದವಳು ನಾನು. ಆಗಲಿ ಎಂದೆ. ಇನ್ನೊಂದು ಸೀಟಿಗೆ ಯಾರು ಎಂದು ಯೋಚಿಸುವ ಪ್ರಶ್ನೆಯೇ ಇರಲಿಲ್ಲ. ಸೊಕ್ಕೆಗೆ ಫೋನು ಮಾಡಿ ಅತ್ತಿಗೆಯನ್ನು ಕರೆದೆ.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ಹುಟ್ಟಿದ್ದು ಜಗಳೂರು ಸೀಮೆಯ ಒಂದು ಹಳ್ಳಿಯಲ್ಲಿ, ಮದುವೆಯಾಗಿ ಬಂದದ್ದು ಅದೇ ಸೀಮೆಯ ಸೊಕ್ಕೆಗೆ. ಎರಡೂ ಕಡೆ ಜೋಳ, ಶೇಂಗಾ, ಮೆಕ್ಕೆಜೋಳ. ಹೊಳೆ ಎಂಬುದೇ ಇಲ್ಲ. ನಮ್ಮ ಮನೆಗೆ ಬಂದಾಗಲೆಲ್ಲ ಬಸ್ಸು ಸೇತುವೆ ದಾಟುವಾಗ ಕಿಟಕಿಯಿಂದ ಕೈ ಮುಗಿಯುತ್ತಿದ್ದಳಂತೆ, ಕಣ್ಣು ಬಿಡುವಷ್ಟರಲ್ಲಿ ಸೇತುವೆ ಮುಗಿದಿರುತ್ತಿತ್ತಂತೆ. ಒಂದು ಸಂಜೆ ಹೊಳೆ ಮೆಟ್ಟಿಲ ಮೇಲೆ ಕೂತಾಗ, ನೀರಿನ ಮೇಲೆ ಒಂದು ನಾಲ್ಕು ದಿನ ಮಲಗಿ ಎದ್ದರೆ ಹೇಗಿರುತ್ತೋ ಎಂದಿದ್ದಳು. ಏನನ್ನೂ ಬಾಯಿಬಿಟ್ಟು ಕೇಳದ ಹೆಂಗಸು. ಅವಳು ಕೇಳಿದ್ದು ಅದೊಂದೇ.

ಅಡ್ಡಿ ಇದ್ದದ್ದು ಅವಳ ಕಾಲುಗಳದ್ದು. ಹನ್ನೆರಡು ವರ್ಷದ ಶುಗರ್. ಪಾದಗಳಿಗೆ ಸ್ಪರ್ಶವೇ ಹೋಗಿದೆ. ಹಿಂದೊಮ್ಮೆ ಹೊಲದಲ್ಲಿ ಜಾಲಿ ಮುಳ್ಳು ತುಳಿದು, ಅದನ್ನು ಹಿಮ್ಮಡಿಯಲ್ಲಿ ಇಟ್ಟುಕೊಂಡೇ ಎರಡು ದಿನ ಓಡಾಡಿದ್ದಳು. ನೆಲದ ಮೇಲೆ ರಕ್ತದ ಕಲೆ ನೋಡಿ ಮೊಮ್ಮಗಳು ಕೂಗಿದಾಗಲೇ ಗೊತ್ತಾದದ್ದು. ಆ ಗಾಯ ಮಾಯಲು ಐದು ತಿಂಗಳು ಹಿಡಿಯಿತು. ಅದಾದ ಮೇಲೆ ಇನ್ನೊಂದು ಗಾಯಕ್ಕೆ ಬಲಗಾಲಿನ ಕಿರುಬೆರಳೇ ಹೋಯಿತು. ಮನೆಯೊಳಗೂ ಬರಿಗಾಲಲ್ಲಿ ನಡೆಯಬಾರದು ಎಂದು ದಾವಣಗೆರೆ ಡಾಕ್ಟರು ಮೆತ್ತನೆಯ, ಕಪ್ಪನೆಯ, ನೋಡಲು ಅಸಹ್ಯವಾದ ಚಪ್ಪಲಿ ಕೊಡಿಸಿದ್ದರು. ಜಗಳೂರು ಬಸ್‌ಸ್ಟ್ಯಾಂಡಿನಲ್ಲಿ ಅತ್ತಿಗೆಯನ್ನು ನನಗೆ ಒಪ್ಪಿಸುವಾಗ ಅಣ್ಣ ನನ್ನನ್ನು ಪಕ್ಕಕ್ಕೆ ಕರೆದ.

"ಉಣ್ಣಲಿ, ತಿರುಗಲಿ, ನಾನೇನೂ ಬ್ಯಾಡ ಅನ್ನಲ್ಲ. ಕಾಲು ಒಂದು ನೋಡ್ಕೊ. ಇನ್ನೊಂದು ಗಾಯ ಆದ್ರೆ ಪಾದಾನೇ ತೆಗಿಬೇಕಾಗ್ತೈತೆ ಅಂದಾರೆ."

ನೋಡಿಕೊಳ್ಳುತ್ತೇನೆ ಎಂದೆ. ದಿನಾ ಸಂಜೆ ಎರಡೂ ಅಂಗಾಲು ಟಾರ್ಚ್ ಬಿಟ್ಟು ನೋಡುತ್ತೇನೆ ಎಂದು ಮಾತು ಕೊಟ್ಟೆ. ಕೊಡುವಾಗ ಸುಲಭದ ಮಾತೆನಿಸಿತ್ತು.

ಲಕ್ಸರ್ ಎಂಬ ಊರಲ್ಲಿ ಹಡಗು ಹತ್ತಿದೆವು. ಹಡಗೆಂದರೆ ಏನೋ ಅಂದುಕೊಂಡಿದ್ದೆ. ದಾವಣಗೆರೆಯ ಒಳ್ಳೇ ಲಾಡ್ಜೊಂದನ್ನು ಎತ್ತಿ ನೀರಿನ ಮೇಲಿಟ್ಟ ಹಾಗಿತ್ತು. ನಮ್ಮ ರೂಮಿನ ಕಿಟಕಿಯಿಂದ ಕೈ ಚಾಚಿದರೆ ನೀರು ಸಿಗುತ್ತದೇನೋ ಎನ್ನುವಷ್ಟು ಹತ್ತಿರ. ಅತ್ತಿಗೆ ಚೀಲವನ್ನೂ ಇಳಿಸದೆ ಹಾಸಿಗೆಯ ಮೇಲೆ ಕೂತು, ಹಡಗಿನ್ನೂ ಹೊರಡುವ ಮೊದಲೇ, ಅಲ್ಲಾಡುತ್ತಿದೆಯಾ ಎಂದು ಕೇಳಿದಳು. ಇಲ್ಲ ಎಂದೆ. ನನಗೆ ಅಲ್ಲಾಡುತ್ತಿದೆ ಎಂದು ಹೇಳಿ ತಾನೇ ನಕ್ಕಳು. ಅವಳ ಆ ಮುಖ ನೋಡಿ ನನಗೆ ಬಂದದ್ದು ಸಾರ್ಥಕ ಎನಿಸಿತು.

ಮಾರನೆಯ ಬೆಳಿಗ್ಗೆ ಮೊದಲ ಗುಡಿ, ಕಾರ್ನಾಕ್. ಟಗರಿನ ತಲೆಯ ಸಿಂಹಗಳು ದಾರಿಯ ಎರಡೂ ಬದಿ ಸಾಲಾಗಿ ಕೂತಿವೆ. ಅದರಾಚೆ ಹೆಬ್ಬಾಗಿಲು. ಒಳಗೆ ಹೋದರೆ ಕಂಬಗಳು, ಒಂದೊಂದನ್ನು ತಬ್ಬಲು ಎಂಟು ಹತ್ತು ಜನ ಬೇಕು. ನಾನು ಬಾಯಿ ತೆರೆದುಕೊಂಡು ಮೇಲೆ ನೋಡುತ್ತಾ ಅರ್ಧ ಗಂಟೆ ಅಲೆದಿರಬೇಕು. ಆಮೇಲೆ ಯಾಕೋ ಕೆಳಗೆ ನೋಡಿದೆ. ಅತ್ತಿಗೆಯ ಕಾಲಲ್ಲಿ ಚಪ್ಪಲಿ ಇಲ್ಲ.

ಕೇಳಿದರೆ, ಹೊರಗೆ ಬಿಟ್ಟು ಬಂದೆ ಎಂದಳು, ಅಷ್ಟು ಗೊತ್ತಿಲ್ಲವಾ ನಿನಗೆ ಎನ್ನುವ ಹಾಗೆ. ಚಪ್ಪಲಿ ಸ್ಟ್ಯಾಂಡ್ ಎಲ್ಲಿ ಎಂದು ಹುಡುಕಿದಳಂತೆ, ಕಾಣಲಿಲ್ಲವಂತೆ. ಅದಕ್ಕೆ ಮೊದಲ ಟಗರಿನ ಕಾಲ ಬುಡದಲ್ಲಿ ಜೋಡಿಸಿಟ್ಟು ಬಂದಿದ್ದಾಳೆ. ನಾನು ಜನರ ನಡುವೆ ನುಗ್ಗಿಕೊಂಡು ಓಡಿದೆ. ಟಗರು ಇತ್ತು, ಚಪ್ಪಲಿ ಇರಲಿಲ್ಲ. ಅಕ್ಕಪಕ್ಕದ ಎಲ್ಲ ಟಗರುಗಳ ಕಾಲ ಬುಡ ನೋಡಿದೆ. ನಮ್ಮ ಗೈಡ್, ಆ ಊರಿನವನೇ, ಸುಮಾರು ನಲವತ್ತರ ವಯಸ್ಸಿನ ಮನುಷ್ಯ, ಕಸದ ಡಬ್ಬಿಯಲ್ಲೂ ಕೈ ಹಾಕಿ ಹುಡುಕಿದ. ದಿನಕ್ಕೆ ಸಾವಿರಾರು ಜನ ಓಡಾಡುವ ಕಡೆ ಯಾರೋ ಬಿಸಾಕಿದ ಹಳೇ ಚಪ್ಪಲಿ ಎಂದು ಯಾರಾದರೂ ಎತ್ತಿ ಹಾಕಿರಬಹುದು. ಯಾರನ್ನು ಏನೆಂದು ಬೈಯುವುದು? ನಮ್ಮ ಕಡೆಯವರಲ್ಲದೆ ಇನ್ಯಾರೂ ಅಲ್ಲಿ ಚಪ್ಪಲಿ ಬಿಟ್ಟು ಹೋಗುತ್ತಿರಲಿಲ್ಲ.

ಸಾಹುಕಾರರಿಗೆ ಒಳ್ಳೇ ತಮಾಷೆ ಸಿಕ್ಕಿತು. ಅಕ್ಕಾರೆ, ಮುಂದಿನ ಗುಡಿಯಲ್ಲಿ ಹಣ್ಣುಕಾಯಿ ಬುಟ್ಟಿನೂ ಮಾಡಿಸೋಣ, ಗಂಟೆ ಎಲ್ಲಿದೆ ನೋಡಿಕೊಳ್ಳಿ ಎಂದರು. ಬಸ್ಸಿನಲ್ಲಿ ಎಲ್ಲರೂ ನಕ್ಕರು. ಅತ್ತಿಗೆಯೂ ನಕ್ಕಳು. ನಗದವಳು ನಾನೊಬ್ಬಳೇ. ಗೈಡ್ ಮಾತ್ರ ಇಂಗ್ಲಿಷಿನಲ್ಲಿ ನನಗೆ ಹೇಳಿದ, ನಮ್ಮ ಮಸೀದಿಗೂ ನಾವು ಚಪ್ಪಲಿ ಹಾಕಿಕೊಂಡು ಹೋಗುವುದಿಲ್ಲ, ಅಮ್ಮ ಮಾಡಿದ್ದರಲ್ಲಿ ತಪ್ಪೇನಿಲ್ಲ ಎಂದು. ಅವನು ಹೇಳಿದ್ದನ್ನು ನಾನು ಅತ್ತಿಗೆಗೆ ಹೇಳಲಿಲ್ಲ. ಹೇಳಿದರೆ ಅವಳನ್ನು ತಡೆಯುವುದು ಇನ್ನೂ ಕಷ್ಟವಾಗುತ್ತಿತ್ತು.

ಹಡಗಿನ ಅಂಗಡಿಯಲ್ಲಿ ಇದ್ದದ್ದು ಒಂಟೆಯ ಚಿತ್ರದ ಗಟ್ಟಿ ತೊಗಲಿನ ಚಪ್ಪಲಿ. ಅದು ಅವಳ ಕಾಲಿಗಲ್ಲ. ರೂಮಿನಲ್ಲಿ ಕೊಟ್ಟಿದ್ದ ಬಿಳೀ ಬಟ್ಟೆಯ ಚಪ್ಪಲಿ ಎರಡು ಜೊತೆ ಒಂದರ ಮೇಲೊಂದು ಸೇರಿಸಿ ಹೊಲಿದೆ. ಮೇಲೆ ನನ್ನ ಉಲ್ಲನ್ ಸಾಕ್ಸು. ಅದನ್ನು ಮೆಟ್ಟಿ ಡೆಕ್ಕಿನ ಮೇಲೆ ಬಂದಾಗ ಅವಳ ನಡಿಗೆ ನೋಡಿ ನನಗೂ ನಗು ತಡೆಯಲಾಗಲಿಲ್ಲ.

ಅಂದು ಮಧ್ಯಾಹ್ನ ಹಡಗು ಹೊರಟಿತು. ಆ ದಿನದ ಸುಖ ಹೇಳದೆ ಮುಂದೆ ಹೋಗಲಾರೆ. ಎರಡೂ ದಂಡೆಯಲ್ಲಿ ಹಸಿರು: ಕಬ್ಬು, ಬಾಳೆ, ಖರ್ಜೂರ. ಅದರಾಚೆ ಒಮ್ಮೆಲೇ ಬೋಳು ಗುಡ್ಡ, ಮರಳು. ಎಮ್ಮೆಗಳು ಕುತ್ತಿಗೆ ತನಕ ನೀರಲ್ಲಿ ಕೂತಿದ್ದವು. ಹೆಂಗಸರು ಪಾತ್ರೆ ತೊಳೆಯುತ್ತಿದ್ದರು. ನಾನು ಈ ಕಡೆ ಹಸಿರನ್ನು ತೋರಿಸಿ, ನೋಡು ನಮ್ಮ ಹೊನ್ನಾಳಿ ಎಂದರೆ, ಅವಳು ಹಿಂದಿನ ಬೋಳು ಗುಡ್ಡ ತೋರಿಸಿ, ಅಗೋ ನಮ್ಮ ಜಗಳೂರು ಎಂದಳು. ಟೀ ಕುಡಿಯುತ್ತಾ ಇಬ್ಬರೂ ಅದನ್ನೇ ನೋಡುತ್ತಾ ಕೂತೆವು, ಊಟದ ಗಂಟೆ ಬಾರಿಸುವ ತನಕ.

ಎಸ್ನಾ ಎಂಬಲ್ಲಿ ಹಡಗನ್ನು ಮೇಲಿನ ನೀರಿನ ಮಟ್ಟಕ್ಕೆ ಏರಿಸುವ ನೀರಿನ ಬಾಗಿಲು ದಾಟಲು ಹಡಗು ನಿಧಾನ ಮಾಡಿದಾಗ ಸಣ್ಣ ದೋಣಿಗಳಲ್ಲಿ ವ್ಯಾಪಾರಿಗಳು ಬಂದು ಮುತ್ತಿಕೊಂಡರು. ಕೆಳಗಿನಿಂದಲೇ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ನಾಲ್ಕು ಮಹಡಿ ಎತ್ತರದ ಡೆಕ್ಕಿಗೆ ಎಸೆಯುತ್ತಾರೆ. ಬೇಕಾದರೆ ಅದೇ ಚೀಲದಲ್ಲಿ ಹಣ ಹಾಕಿ ಕೆಳಗೆ ಎಸೆಯಬೇಕು, ಬೇಡವಾದರೆ ಬಟ್ಟೆಯನ್ನೇ. ನಮ್ಮವರು ವಾಪಸ್ ಎಸೆದ ಎರಡು ಚೀಲ ನೀರಿಗೆ ಬಿದ್ದು, ಕೆಳಗಿನಿಂದ ಬೈಗುಳ ಬಂತು. ಭಾಷೆ ಗೊತ್ತಿಲ್ಲದಿದ್ದರೂ ಬೈಗುಳ ಎಂದು ಯಾರಿಗಾದರೂ ತಿಳಿಯುವಂತಿತ್ತು. ಅತ್ತಿಗೆ ಎದ್ದು, ಸೆರಗು ಸಿಕ್ಕಿಸಿ, ಉಳಿದ ಚೀಲಗಳನ್ನು ಒಂದೊಂದಾಗಿ ಸರಿಯಾಗಿ ಆಯಾ ದೋಣಿಯ ನಡುವಿಗೇ ಬೀಳುವಂತೆ ಎಸೆದಳು. ಜೋಳದ ಹೊಲದಲ್ಲಿ ಅಟ್ಟದ ಮೇಲೆ ನಿಂತು ಕವಣೆ ಕಲ್ಲು ಬೀಸಿ ಹಕ್ಕಿ ಓಡಿಸಿದ ಕೈ ಅದು. ದೋಣಿಯವರೇ ಚಪ್ಪಾಳೆ ತಟ್ಟಿದರು. ಸಾಹುಕಾರರು ಅವತ್ತಿನಿಂದ ಅವಳನ್ನು ಸ್ವಲ್ಪ ಮರ್ಯಾದೆಯಿಂದ ಮಾತನಾಡಿಸಲು ಶುರು ಮಾಡಿದರು.

ಮೂರನೆಯ ದಿನ ಎಡ್ಫು. ಗಿಡುಗ ಮುಖದ ದೇವರ ಗುಡಿ. ಹಡಗಿನಿಂದ ಕುದುರೆಗಾಡಿಯಲ್ಲಿ ಹೋಗಬೇಕು. ಹೊರಡುವ ಮೊದಲೇ ನಾನು ಕಟ್ಟುನಿಟ್ಟು ಮಾಡಿದ್ದೆ, ಬಟ್ಟೆ ಚಪ್ಪಲಿ ಬಿಚ್ಚಕೂಡದು ಎಂದು. ಹೂಂ ಎಂದಿದ್ದಳು. ಅವಳ ಹೂಂ ಎನ್ನುವುದಕ್ಕೆ ಕೇಳಿಸಿತು ಎಂದಷ್ಟೇ ಅರ್ಥ ಎಂದು ನನಗೆ ಇಷ್ಟು ವರ್ಷವಾದರೂ ತಿಳಿದಿರಲಿಲ್ಲ. ಹೆಬ್ಬಾಗಿಲ ಹತ್ತಿರ ನಾನು ಟಿಕೆಟಿನ ಸಾಲಿನಲ್ಲಿದ್ದಾಗ ಚಪ್ಪಲಿ ಬಿಚ್ಚಿ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡಿದ್ದಾಳೆ. ಸೀರೆಯ ನೆರಿಗೆ ಕಾಲು ಮುಚ್ಚಿತ್ತು. ತೆರೆದ ಅಂಗಳ, ಹನ್ನೊಂದು ಗಂಟೆಯ ಬಿಸಿಲು, ಕಾದ ಕಲ್ಲು. ಒಂದೂವರೆ ಗಂಟೆ ನನ್ನ ಪಕ್ಕದಲ್ಲೇ ಓಡಾಡಿದ್ದಾಳೆ. ನಾನು ಗೋಡೆಯ ಚಿತ್ರ ನೋಡುತ್ತಿದ್ದೆ, ಕತ್ತೆಯ ಹಾಗೆ.

ಸಂಜೆ ಟಾರ್ಚ್ ಹಿಡಿದು ನೋಡಿದರೆ ಎಡಗಾಲಿನ ಹೆಬ್ಬೆರಳ ಕೆಳಗೆ ಗುಳ್ಳೆ. ಒಂದು ಅಡಿಕೆ ಗಾತ್ರ, ಒಳಗೆ ನೀರು ತುಂಬಿ ಹೊಳೆಯುತ್ತಿತ್ತು. ನೋವಾಗುತ್ತಿದೆಯಾ ಎಂದರೆ ಏನಾಗಿದೆ ಎಂದು ನನ್ನನ್ನೇ ಕೇಳಿದಳು. ನನಗೆ ಅಣ್ಣನ ಮುಖ ಕಣ್ಣೆದುರು ಬಂತು. ಅಳು ಬಂತು, ಅಳುವುದರ ಬದಲು ಬೈದೆ. ನಾಲಿಗೆಗೆ ಹಿಡಿತವೇ ಇರಲಿಲ್ಲ.

"ಅತ್ತಿಗೆ, ಅದು ಗುಡಿ ಅಲ್ರೀ, ಬರೀ ಕಲ್ಲು. ಪೂಜೆ ಇಲ್ಲ, ಪೂಜಾರಿ ಇಲ್ಲ, ದೇವರೂ ಇಲ್ಲ. ಕೊರಳಾಗೆ ಲಿಂಗ ಕಟ್ಟಿಕೊಂಡೀರಿ, ಅದನ್ನ ಕಟ್ಟಿಕೊಂಡೇ ಚಪ್ಪಲಿ ಮೆಟ್ಟಿ ಬೀದಿ ತಿರುಗ್ತೀರಿ. ಅದಕ್ಕಿಂತ ಹೆಚ್ಚೇನ್ರಿ ಈ ಹದ್ದು?"

ಅವಳಿಗೆ ಸಿಟ್ಟು ಬರಲಿಲ್ಲ. ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡು, ವಿಚಾರ ಮಾಡಿ, ನಿಧಾನಕ್ಕೆ ಹೇಳಿದಳು.

"ಇವನು ನನ್ ಜೊತೆ ಬಂದೋನು ಕಣೇ. ಅಲ್ಲಿ ನಾನು ಅವರ ಮನೆಗೆ ಹೋಗಿರೋದು. ಮನೇಲಿ ಯಾರೂ ಇಲ್ಲ ಅಂತ ಚಪ್ಪಲಿ ಹಾಕ್ಕೊಂಡು ಹೆಂಗೆ ನುಗ್ಗಾಕೆ ಬರ್ತೈತೆ?"

ನಾನು ಟಾರ್ಚ್ ಆರಿಸಿ ಗೈಡನ್ನು ಹುಡುಕಿಕೊಂಡು ಹೋದೆ. ಹಡಗಿನವರು ಮುಂದಿನ ನಿಲುಗಡೆಯಲ್ಲಿ ಒಬ್ಬ ಡಾಕ್ಟರನ್ನು ಕರೆಸಿದರು. ಅವರು ಗುಳ್ಳೆಯನ್ನು ಒಡೆಯದೆ ಔಷಧಿ ಹಚ್ಚಿ, ದಪ್ಪ ಪಟ್ಟಿ ಕಟ್ಟಿ, ಮಾತ್ರೆ ಕೊಟ್ಟರು. ಇದು ತಾನಾಗಿ ಒಣಗಬೇಕು, ಒಡೆದು ಒಳಗೆ ಕೊಳೆ ಸೇರಿದರೆ ನಾನು ಏನೂ ಹೇಳಲಾರೆ ಎಂದರು. ಬಿಸಿ ನೆಲ, ಒರಟು ನೆಲ, ಎರಡೂ ಮುಟ್ಟಬಾರದು. ಗೈಡ್ ಅದನ್ನು ನನಗೆ ಹೇಳಿದ, ನಾನು ಅತ್ತಿಗೆಗೆ ಹೇಳಿದೆ. ಅಣ್ಣನಿಗೆ ಫೋನು ಮಾಡಬೇಡ ಎಂದು ನನ್ನ ಕೈ ಹಿಡಿದುಕೊಂಡಳು. ಆ ರಾತ್ರಿ ಅದೇ ನಿಲುಗಡೆಯಲ್ಲಿದ್ದ ಮೊಸಳೆ ದೇವರ ಗುಡಿಗೆ ಅವಳು ಇಳಿಯಲೇ ಇಲ್ಲ, ಡೆಕ್ಕಿನ ಮೇಲೆ ನಿಂತು ಕೈ ಮುಗಿದಳು. ನಾನೂ ಹೋಗಲಿಲ್ಲ.

ಕೊನೆಯ ದಿನ ಫಿಲೇ. ಅದು ನದಿಯ ನಡುವಿನ ಒಂದು ನಡುಗಡ್ಡೆ. ಅಣೆಕಟ್ಟಿನ ನೀರಲ್ಲಿ ಮುಳುಗಿದ್ದ ಗುಡಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿ, ನಂಬರು ಹಾಕಿ, ಪಕ್ಕದ ಎತ್ತರದ ಗಡ್ಡೆಯಲ್ಲಿ ಮತ್ತೆ ಕಟ್ಟಿದ್ದಾರಂತೆ. ಕೊಲೆಯಾದ ಗಂಡನ ಮೈಯ ತುಂಡುಗಳನ್ನು ಆರಿಸಿ ಜೋಡಿಸಿದ ತಾಯಿ ದೇವತೆಯ ಗುಡಿ, ಕೂಸಿಗೆ ಹಾಲೂಡುವ ಚಿತ್ರ ಗೋಡೆಯ ಮೇಲಿದೆ ಎಂದು ಗೈಡ್ ಹೇಳಿದ. ಅಮ್ಮನ ಗುಡಿ ಎಂದು ಕೇಳಿದ್ದೇ ಅತ್ತಿಗೆಯ ಕಿವಿ ನಿಮಿರಿತು. ಆದರೆ ಬರುತ್ತೇನೆ ಎನ್ನಲಿಲ್ಲ. ಸಣ್ಣ ಮೋಟಾರು ದೋಣಿಯಲ್ಲಿ ಗಡ್ಡೆಯ ತನಕ ಬರುತ್ತೇನೆ, ನೀವು ನೋಡಿಬರುವವರೆಗೆ ದೋಣಿಯಲ್ಲೇ ಕೂತಿರುತ್ತೇನೆ ಎಂದಳು. ಚಪ್ಪಲಿ ಹಾಕಿಕೊಂಡು ಒಳಗೆ ಬರುವುದಿಲ್ಲ, ಬಿಚ್ಚಿ ಬಂದರೆ ನನ್ನ ಜೀವ ತಿನ್ನುತ್ತೀಯ, ಅದಕ್ಕೆ ಇದೇ ಸರಿ ಎಂದಳು. ಹೇಳಿದ್ದು ಬೇಸರದಲ್ಲಲ್ಲ, ಸಂತೆಗೆ ಹೋಗಿ ಏನು ತರಬೇಕು ಎಂದು ಹೇಳುವ ದನಿಯಲ್ಲಿ. ನನಗೆ ಅದೇ ತಡೆಯಲಾಗಲಿಲ್ಲ.

ಎಲ್ಲರೂ ಇಳಿದರು. ನಾನು ಒಂದು ಕಾಲು ದೋಣಿಯಲ್ಲಿ ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟು ನಿಂತಿದ್ದೆ. ಹತ್ತು ಹೆಜ್ಜೆ ಹೋಗಿದ್ದ ಸಾಹುಕಾರರು ತಿರುಗಿ ಬಂದರು. ಈಜಿಪ್ಟಿನಲ್ಲೂ ಪ್ಯಾಂಟಿನ ಮೇಲೆ ಹೆಗಲ ಟವೆಲ್ ಬಿಡದ ಮನುಷ್ಯ. ಆ ಟವೆಲ್ಲನ್ನು ತೆಗೆದು ಕೊಡವಿದರು.

"ಅಕ್ಕಾರೆ, ಚಪ್ಪಲೀನೂ ಬ್ಯಾಡ, ನೆಲಾನೂ ಬ್ಯಾಡ. ನಡೆಮಡಿ ಹಾಸ್ತೀವಿ. ಬರ್ರಿ."

ನಡೆಮಡಿ ಎಂದರೆ ನಮ್ಮ ಕಡೆ ಮದುಮಕ್ಕಳು ಚಪ್ಪರಕ್ಕೆ ಬರುವಾಗ, ದೇವರ ಪಲ್ಲಕ್ಕಿ ಬರುವಾಗ, ಕಾಲು ನೆಲಕ್ಕೆ ತಾಗದ ಹಾಗೆ ಅಗಸರು ಹಾಸುವ ಮಡಿಬಟ್ಟೆ. ಹಿಂದಿನದನ್ನು ಎತ್ತಿ ಮುಂದೆ ಹಾಸುತ್ತಾ ಹೋಗುತ್ತಾರೆ. ಅತ್ತಿಗೆ ಒಪ್ಪಲಿಲ್ಲ. ದೊಡ್ಡವರು ನೀವು, ನನ್ನ ಕಾಲಡಿ ಬಗ್ಗಬಾರದು ಎಂದಳು. ಸಾಹುಕಾರರು, ನನ್ನ ಮಗಳ ಮದುವೆಯಲ್ಲಿ ಹಾಸುವವರಿದ್ದರು, ಇಲ್ಲಿ ಇಲ್ಲ, ಹಾಗಾಗಿ ನಾನೇ ಹಾಸುತ್ತೇನೆ, ಅದರಲ್ಲೇನಿದೆ ಎಂದರು. ಅವರ ಹೆಂಡತಿ ಆಗಲೇ ಶಾಲು ತೆಗೆದು ನಾಲ್ಕು ಮಡಿಕೆ ಮಾಡುತ್ತಿದ್ದರು. ನನ್ನ ಶಾಲೂ ಸೇರಿತು.

ಹೆಬ್ಬಾಗಿಲ ತನಕ ಬಟ್ಟೆ ಚಪ್ಪಲಿಯಲ್ಲಿ ಬಂದಳು. ಅಲ್ಲಿ ಬಿಚ್ಚಿದ ಚಪ್ಪಲಿಯನ್ನು ಸಾಹುಕಾರರ ಹೆಂಡತಿ ತಮ್ಮ ಚೀಲಕ್ಕೆ ಹಾಕಿ ಜಿಪ್ಪು ಎಳೆದರು. ಸಾಹುಕಾರರು ಮುಂದೆ ಹಾಸಿದರು, ನಾನು ಹಿಂದಿನಿಂದ ಎತ್ತಿ ಅವರ ಕೈಗೆ ಕೊಟ್ಟೆ. ಟವೆಲ್, ಶಾಲು, ಶಾಲು, ಮತ್ತೆ ಟವೆಲ್. ಬೇರೆ ದೇಶದ ಜನ ನಿಂತು ನೋಡಿದರು, ಕೆಲವರು ಫೋಟೋ ತೆಗೆದರು. ಕಾವಲುಗಾರನೊಬ್ಬ ಕೈ ಅಡ್ಡ ಮಾಡಿಕೊಂಡು ಬಂದ. ಗೈಡ್ ಅವನ ಕಿವಿಯಲ್ಲಿ ಏನೋ ಹೇಳಿದ. ಅವನು ಎದೆಯ ಮೇಲೆ ಕೈಯಿಟ್ಟು ಪಕ್ಕಕ್ಕೆ ಸರಿದ. ಬಗ್ಗಿ ಬಗ್ಗಿ ನನ್ನ ಸೊಂಟ ಬಿದ್ದುಹೋಯಿತು. ಸಾಹುಕಾರರು ಏದುಸಿರು ಬಿಡುತ್ತಾ, ಅಡಿಕೆ ಮೂಟೆ ಎಣಿಸಿ ಎಣಿಸಿ ಬಗ್ಗುವ ಅಭ್ಯಾಸವೇ ತಪ್ಪಿದೆ ಎಂದರು. ನಾಚಿಕೆಯಿಂದ ಸತ್ತುಹೋಗುತ್ತೇನೆ ಎಂದುಕೊಂಡಿದ್ದೆ; ಹಾಗೇನೂ ಆಗಲಿಲ್ಲ. ನಿಜ ಹೇಳುತ್ತೇನೆ, ಖುಷಿಯಾಗಿತ್ತು.

ಕೊನೆಯದು ಗರ್ಭಗುಡಿ. ಕತ್ತಲ ಸಣ್ಣ ಕೋಣೆ, ನಡುವೆ ಕಲ್ಲಿನ ಪೀಠ. ಅದರ ಮೇಲೆ ಏನೂ ಇಲ್ಲ. ಹಿಂದೆ ಅಮ್ಮನ ಮೂರ್ತಿ ಹೊತ್ತ ಸಣ್ಣ ದೋಣಿಯನ್ನು ಅದರ ಮೇಲೆ ಇಡುತ್ತಿದ್ದರಂತೆ. ಉಳಿದವರು ಹೊರಗೆ ನಿಂತರು, ನಾವಿಬ್ಬರೇ ಒಳಗೆ ಹೋದೆವು. ಅತ್ತಿಗೆ ಟವೆಲ್ಲಿನ ಮೇಲೆ ನಿಂತು ಕೈ ಮುಗಿದಳು. ಆಮೇಲೆ ನನ್ನ ಬೂಟುಗಳನ್ನು ನೋಡಿದಳು. ಬೈಯುತ್ತಾಳೇನೋ ಎಂದುಕೊಂಡೆ.

"ಬಿಚ್ಚೇ, ಒಂದ್ಸಲ," ಎಂದಳು.

ಬಿಚ್ಚಿ ನಿಂತೆ.

"ಹೆಂಗೈತೆ ಕಲ್ಲು? ಬಿಸಿ ಐತಾ, ತಣ್ಣಗೈತಾ?"

ನನಗೆ ಅರ್ಥವಾಗಲಿಲ್ಲ. ಯಾಕೆ ಎಂದೆ.

"ಏಳು ವರ್ಷ ಆತು, ನೆಲ ಅನ್ನೋದು ನನ್ನ ಕಾಲಿಗೆ ಗೊತ್ತಾಗಿ. ಡಾಕ್ಟ್ರು ಇನ್ನ ಬರಲ್ಲ ಅಂದಾರೆ. ಆದ್ರೂ ಗುಡಿ ಒಳಗೆ ಬರಿಗಾಲಲ್ಲಿ ನಿಂತಾಗೆಲ್ಲ, ಇವತ್ತು ಗೊತ್ತಾಗುತ್ತೇನೋ ಅಂತ ನೋಡ್ತಿರ್ತೀನಿ. ಎಲ್ಲೂ ಗೊತ್ತಾಗಲಿಲ್ಲ. ನೀನು ಹೇಳು."

ಎಡ್ಫುವಿನಲ್ಲಿ ಆ ಕಾದ ಅಂಗಳದಲ್ಲಿ ಅವಳು ಹೆಜ್ಜೆ ಹೆಜ್ಜೆಗೂ ಅದನ್ನೇ ಕಾಯುತ್ತಾ ನಡೆದಿದ್ದಳು. ನಾನು ಅವಳಿಗೆ ಬರೀ ಕಲ್ಲು ಎಂದು ಬೈದಿದ್ದೆ. ಕೇಳಿದ್ದಕ್ಕೆ ಉತ್ತರ ಕೊಡಬೇಕಲ್ಲ. ಕಣ್ಣು ಮುಚ್ಚಿ ಅಂಗಾಲನ್ನು ನೆಲಕ್ಕೆ ಒತ್ತಿದೆ. ತಣ್ಣಗಿದೆ ಅತ್ತಿಗೆ ಎಂದೆ. ನೀರು ಹಾಕಿ ತೊಳೆದ ತಣ್ಣಗಲ್ಲ, ಒಳಗಿನಿಂದಲೇ ತಣ್ಣಗೆ. ನುಣುಪಾಗಿದೆ, ನಡುವೆ ಸಣ್ಣ ಮರಳಿನ ಕಾಳು ಸಿಗುತ್ತಿದೆ. ಎಡಗಾಲಿನ ಹತ್ತಿರ ಒಂದು ಕಡೆ ತಗ್ಗು, ತುಂಬಾ ಜನ ನಿಂತು ನಿಂತು ಸವೆದಿರಬೇಕು, ನನ್ನ ಹಿಮ್ಮಡಿ ಅದರಲ್ಲಿ ಸರಿಯಾಗಿ ಕೂತಿದೆ. ಅವಳೂ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ನಾನು ನಿಲ್ಲಿಸಿದರೆ ಇನ್ನೂ ಎಂದಳು. ನನಗೆ ತಿಳಿದಷ್ಟು ಹೇಳಿದೆ. ಸಾಕು, ಗೊತ್ತಾಯಿತು ಎಂದಳು.

ಊರಿಗೆ ಬಂದ ಮೇಲೆ ದಾವಣಗೆರೆ ಡಾಕ್ಟರು ಪಟ್ಟಿ ಬಿಚ್ಚಿ ನೋಡಿ ಇಬ್ಬರಿಗೂ ಚೆನ್ನಾಗಿ ಉಗಿದರು. ಗುಳ್ಳೆ ಒಡೆಯದೆ ಒಣಗಿತ್ತು. ಎರಡು ವಾರದಲ್ಲಿ ಸಿಪ್ಪೆ ಉದುರಿ ಹೊಸ ಚರ್ಮ ಬಂತು. ಅಣ್ಣನಿಗೆ ನಾನೇ ಎಲ್ಲ ಹೇಳಿದೆ. ಗುಡಿಯಲ್ಲಿ ನೆಲ ಗೊತ್ತಾಗುತ್ತೇನೋ ಎಂದು ಕಾಯುವುದನ್ನು ಅವಳು ನನಗೆ ಯಾವತ್ತೂ ಹೇಳಿರಲಿಲ್ಲ ಎಂದ.

ಈಗ ತಿಂಗಳಿಗೊಮ್ಮೆ ಸೊಕ್ಕೆಗೆ ಹೋಗುತ್ತೇನೆ. ಸೋಮವಾರ ಬಸವಣ್ಣನ ಗುಡಿಗೆ ಇಬ್ಬರೂ ಹೋಗುತ್ತೇವೆ. ಅತ್ತಿಗೆಗೆ ಗುಡಿಗೆಂದೇ ತೆಗೆದಿಟ್ಟ ದಪ್ಪ ಸಾಕ್ಸು ಇದೆ, ಡಾಕ್ಟರು ಅಷ್ಟಕ್ಕೆ ಒಪ್ಪಿದ್ದಾರೆ. ನಾನು ಬರಿಗಾಲು. ಹೊಸಿಲು ದಾಟಿದ ಮೇಲೆ ಅವಳು ನನ್ನ ತೋಳು ಹಿಡಿದು ನಿಲ್ಲುತ್ತಾಳೆ, ದೇವರ ಕಡೆ ಆಮೇಲೆ ನೋಡುತ್ತಾಳೆ. ಹೋದ ಸೋಮವಾರವೂ ಕೇಳಿದಳು.

"ಇವತ್ತು ಹೆಂಗೈತೆ?"

"ಈಗಿನ್ನ ತೊಳೆದಾರೆ ಅತ್ತಿಗೆ, ಹಸಿ ಐತೆ. ಬಾಗಿಲ ಹತ್ರ ಬಿಸಿಲು ಬಿದ್ದಿರೋ ಕಲ್ಲೊಂದು ಬೆಚ್ಚಗೈತೆ. ಅಲ್ಲೇ ನಿಂತೀವಿ ನಾವು."